ಶೇಕಡಾ ಲೆಕ್ಕದ ಹಿಂದಿನ ಸತ್ಯ

1950ರ ದಶಕದಲ್ಲಿ ಕ್ಷಯರೋಗವೆಂದರೆ ಮನೆ ಬಿಡುವುದೆಂದೇ ಅರ್ಥ. ಸ್ಯಾನಿಟೋರಿಯಮ್ಮಿನ ಶುದ್ಧ ಗಾಳಿ, ಪುಷ್ಟಿಕರ ಆಹಾರ, ವಿಶ್ರಾಂತಿಗಳಿಲ್ಲದೆ ರೋಗ ಗುಣವಾಗದೆಂಬ ನಂಬಿಕೆ ಬಲವಾಗಿತ್ತು. ಅಲ್ಲಿನ ಹಾಸಿಗೆಗಳಾದರೋ ರೋಗಿಗಳ ಸಂಖ್ಯೆಯ ಮುಂದೆ ಅತ್ಯಲ್ಪ. ನಗರದ ಇಕ್ಕಟ್ಟಾದ ಮನೆಯಲ್ಲಿದ್ದುಕೊಂಡೇ, ಔಷಧ ಸೇವಿಸುತ್ತ ರೋಗಿ ಗುಣಮುಖನಾಗಬಲ್ಲನೇ? ಈ ಪ್ರಶ್ನೆಗೆ ಉತ್ತರ ದೊರಕಿಸಿಕೊಟ್ಟದ್ದು ಸಂಖ್ಯಾಶಾಸ್ತ್ರ.

1956ರಲ್ಲಿ ಮದ್ರಾಸಿನಲ್ಲಿ, ಅಂದರೆ ಇಂದಿನ ಚೆನ್ನೈಯಲ್ಲಿ, ಆರಂಭವಾದ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರವು 193 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿತು. ಒಂದು ಗುಂಪಿಗೆ ಮನೆಯಲ್ಲಿ, ಇನ್ನೊಂದಕ್ಕೆ ಸ್ಯಾನಿಟೋರಿಯಮ್ಮಿನಲ್ಲಿ ಚಿಕಿತ್ಸೆ. ಯಾರು ಎಲ್ಲಿಗೆ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಹೀಗಲ್ಲದೆ ಹೆಚ್ಚು ಬಳಲಿದವರೆಲ್ಲ ಒಂದೇ ಕಡೆ ಸೇರಿದ್ದರೆ ಹೋಲಿಕೆಯೇ ಕೆಡುತ್ತಿತ್ತು. ಔಷಧ ಎರಡೂ ಗುಂಪಿಗೆ ಒಂದೇ: ಐಸೋನಿಯಾಜಿಡ್ ಹಾಗೂ ಪಿ.ಎ.ಎಸ್., ಒಂದು ವರ್ಷ.

ಇಂಥ ಅಧ್ಯಯನದಲ್ಲಿ ದೊರೆಯುವ ಅಂಕಿ-ಅಂಶಗಳು ಮೂರು ಬಗೆಯವು. ಕಫದಲ್ಲಿ ರೋಗಾಣು ಉಂಟೇ ಇಲ್ಲವೇ ಎಂಬುದು ಗುಣಾತ್ಮಕ. ಇದನ್ನು ಎಣಿಸಿ ಶೇಕಡಾ ಲೆಕ್ಕ ಹಾಕಬಹುದು. ರೋಗದ ವ್ಯಾಪ್ತಿ ಅಲ್ಪ, ಮಧ್ಯಮ, ತೀವ್ರ ಎಂಬುದು ಶ್ರೇಣಿ. ಇಲ್ಲಿ ಮೆಟ್ಟಿಲುಗಳಿವೆ, ಆದರೆ ಅವುಗಳ ನಡುವಿನ ಅಂತರ ಸಮವೆನ್ನಲಾಗದು. ದೇಹದ ತೂಕ ಅಳತೆಯ ಅಂಶ. ಇದಕ್ಕೆ ಸರಾಸರಿ ಸಲ್ಲುತ್ತದೆ.

ತೂಕವನ್ನಷ್ಟೇ ನೋಡಿದ್ದರೆ ಗೆಲುವು ಸ್ಯಾನಿಟೋರಿಯಮ್ಮಿನದೇ. ಉತ್ತಮ ಆಹಾರದಿಂದ ಅಲ್ಲಿಯವರ ತೂಕ ಹೆಚ್ಚು ಏರಿತ್ತು. ಆದರೆ ಮುಖ್ಯ ಪ್ರಶ್ನೆ ರೋಗಾಣುವಿನದು. ವರ್ಷಾಂತ್ಯಕ್ಕೆ ರೋಗಾಣುವಿನ ದೃಷ್ಟಿಯಿಂದ ರೋಗ ಶಮನಗೊಂಡವರು ಸ್ಯಾನಿಟೋರಿಯಮ್ಮಿನಲ್ಲಿ ಶೇಕಡಾ 92, ಮನೆಯಲ್ಲಿ ಶೇಕಡಾ 86.

ಆರರ ಈ ವ್ಯತ್ಯಾಸ ನಿಜವಾದುದೇ? ಅನುಮಾನ ವಿಧಾನದ ಕೆಲಸ ಇಲ್ಲಿಂದ ಆರಂಭ. ನೂರಕ್ಕೂ ಕಡಿಮೆ ಜನರ ಗುಂಪುಗಳಲ್ಲಿ ಇಷ್ಟು ಏರುಪೇರು ಕೇವಲ ಆಕಸ್ಮಿಕವಾಗಿಯೂ ಬರಬಹುದೆಂದು ಗಣಿತ ತಿಳಿಸುತ್ತದೆ. ಹಾಗೆಂದು ಎರಡೂ ಸಮವೆಂಬುದು ಅಷ್ಟರಿಂದಲೇ ಸಿದ್ಧವಾಗದು. ಆದುದರಿಂದ ರೋಗಿಗಳನ್ನು ಐದು ವರ್ಷಗಳವರೆಗೆ ಗಮನಿಸಲಾಯಿತು. ಆಗ ಎರಡೂ ಗುಂಪುಗಳ ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. ಮನೆಯಲ್ಲಿ ಚಿಕಿತ್ಸೆ ಪಡೆದವರ ಕುಟುಂಬಕ್ಕೆ ರೋಗದ ಅಪಾಯವೂ ಹೆಚ್ಚಲಿಲ್ಲ.

1959ರಲ್ಲಿ ಮೊದಲ ಫಲಿತಾಂಶ ಪ್ರಕಟವಾಯಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿದ 1962ರ ರಾಷ್ಟ್ರೀಯ ಕಾರ್ಯಕ್ರಮವು ಮನೆಯ ಚಿಕಿತ್ಸೆಯನ್ನೇ ಆಧಾರವಾಗಿಸಿಕೊಂಡಿತು. ಅಸಂಖ್ಯ ರೋಗಿಗಳಿಗೆ ಮನೆಮಂದಿಯ ನಡುವೆಯೇ ಉಳಿಯುವ ಅವಕಾಶ ದೊರೆಯಿತು.

ಇಂದು ಔಷಧಗಳು ಬದಲಾಗಿವೆ, ಚಿಕಿತ್ಸೆಯ ಅವಧಿಯೂ ಕಿರಿದಾಗಿದೆ. ಆದರೆ ಮದ್ರಾಸಿನ ಪಾಠ ಹಳತಾಗಿಲ್ಲ. “ಶೇಕಡಾ ತೊಂಬತ್ತು ಮಂದಿಗೆ ಗುಣ” ಎಂಬ ಜಾಹೀರಾತು ಕಂಡಾಗ ವಾಚಕರು ನಾಲ್ಕು ಪ್ರಶ್ನೆ ಕೇಳುವುದು ಲೇಸು: ಎಷ್ಟು ಜನರಲ್ಲಿ? ಅವರನ್ನು ಆರಿಸಿದ್ದು ಹೇಗೆ? ಹೋಲಿಸಿದ್ದು ಯಾರೊಡನೆ? ಅಳೆದದ್ದು ರೋಗವನ್ನೋ, ಬರಿಯ ತೂಕವನ್ನೋ?