ಅಲ್ಪ ಪ್ರಮಾಣದ ಉತ್ಪಾದನೆಗೆ ರೆಸಿನ್ ಎರಕ: ಮಾದರಿ ಕಾರಿನ ಬಿಡಿಭಾಗಗಳ ನಿದರ್ಶನ

ಪ್ಲಾಸ್ಟಿಕ್ ಬಿಡಿಭಾಗವೊಂದನ್ನು ಮಾರುಕಟ್ಟೆಗೆ ತರಬಯಸುವ ಸಣ್ಣ ಉದ್ದಿಮೆದಾರನಿಗೆ ಎದುರಾಗುವ ಮೊದಲ ಅಡಚಣೆ ಇಂಜೆಕ್ಷನ್ ಮೋಲ್ಡಿಂಗ್‌ಗೆ ಬೇಕಾಗುವ ಉಕ್ಕಿನ ಡೈ. ಡೈಗೆ ಲಕ್ಷಾಂತರ ರೂಪಾಯಿ ತೊಡಗಿಸಿದ ಮೇಲೆ ಬೇಡಿಕೆ ಕೆಲವು ನೂರಕ್ಕೇ ನಿಂತರೆ ಬಂಡವಾಳ ಮುಳುಗಿದಂತೆಯೇ. ಮಾದರಿ ಕಾರುಗಳಿಗೆ ಚಕ್ರ, ಆಸನ, ಎಂಜಿನ್ ಮುಂತಾದ ಸೂಕ್ಷ್ಮ ಭಾಗಗಳನ್ನು ತಯಾರಿಸುವವರು ಈ ಸಮಸ್ಯೆಗೆ ದಶಕಗಳಿಂದ ಅನುಸರಿಸುತ್ತಿರುವ ಪರಿಹಾರವೇ ಸಿಲಿಕೋನ್ ಅಚ್ಚು ಮತ್ತು ರೆಸಿನ್ ಎರಕ.

ಮೂಲಮಾದರಿ

ಮೊದಲ ಹಂತ ಅಳತೆಯ ನಿರ್ಧಾರ. ಮಾದರಿ ಕಾರುಗಳಲ್ಲಿ 1:24, 1:25 ಮತ್ತು 1:43 ಪ್ರಮಾಣಗಳು ಹೆಚ್ಚು ಬಳಕೆಯಲ್ಲಿವೆ. 15 ಅಂಗುಲದ, ಅಂದರೆ 381 ಮಿ.ಮೀ. ವ್ಯಾಸದ ರಿಮ್ 1:24ರಲ್ಲಿ 15.9 ಮಿ.ಮೀ. ಆದರೆ, 1:25ರಲ್ಲಿ 15.2 ಮಿ.ಮೀ. ಆಗುತ್ತದೆ. ಒಂದು ಪ್ರಮಾಣಕ್ಕೆ ಮಾಡಿದ ರಿಮ್ ಇನ್ನೊಂದರ ಟೈರಿಗೆ ಸರಿಯಾಗಿ ಕೂರದಿರಲು ಈ ಅಲ್ಪ ವ್ಯತ್ಯಾಸವೇ ಸಾಕು.

ಬಳಿಕ ಸ್ಟೈರೀನ್ ಹಾಳೆ, ಹಿತ್ತಾಳೆ ತಂತಿ ಮತ್ತು ಸಣ್ಣ ಕೊಳವೆಗಳನ್ನು ಕತ್ತರಿಸಿ, ಜೋಡಿಸಿ, ಉಜ್ಜಿ ಮೂಲಮಾದರಿಯನ್ನು ರಚಿಸಲಾಗುತ್ತದೆ. ಈಗ ಕೆಲವರು ಇದಕ್ಕೆ ತ್ರೀ-ಡಿ ಪ್ರಿಂಟರ್ ಬಳಸುತ್ತಾರೆ. ಮೂಲಮಾದರಿಯ ಮೇಲಿನ ಬೆರಳಚ್ಚು ಸಹ ಪ್ರತಿಯೊಂದು ಎರಕದಲ್ಲಿ ಮೂಡುವುದರಿಂದ, ಪ್ರೈಮರ್ ಬಳಿದು ದೋಷಗಳನ್ನು ಮೊದಲೇ ತಿದ್ದುವುದು ಅವಶ್ಯ.

ಅಚ್ಚು

ಮೂಲಮಾದರಿಯನ್ನು ಅರ್ಧದವರೆಗೆ ಜೇಡಿಯಲ್ಲಿ ಹುದುಗಿಸಿ, ಸುತ್ತಲೂ ಪೆಟ್ಟಿಗೆ ಕಟ್ಟಿ, ಅದರೊಳಕ್ಕೆ ದ್ರವ ಸಿಲಿಕೋನ್ ರಬ್ಬರನ್ನು ಸುರಿಯಲಾಗುತ್ತದೆ. ಅದು ಗಟ್ಟಿಯಾದ ನಂತರ ಜೇಡಿಯನ್ನು ತೆಗೆದು ಎರಡನೆಯ ಅರ್ಧವನ್ನು ಸುರಿಯಬೇಕು. ಸಿಲಿಕೋನ್ ಸಿಲಿಕೋನಿಗೇ ಅಂಟಿಕೊಳ್ಳುವ ಗುಣದ್ದು. ಆದ್ದರಿಂದ ಎರಡರ ನಡುವೆ ವ್ಯಾಸಲೀನ್‌ನಂತಹ ಲೇಪನ ಕಡ್ಡಾಯ.

ತವರ ಆಧಾರಿತ ಸಿಲಿಕೋನ್ ಅಗ್ಗ; ಆದರೆ ಕಾಲಕ್ರಮೇಣ ಸ್ವಲ್ಪ ಕುಗ್ಗುತ್ತದೆ. ಪ್ಲಾಟಿನಂ ಆಧಾರಿತದ್ದು ಅಳತೆಯನ್ನು ಉಳಿಸಿಕೊಳ್ಳುತ್ತದೆ. ಆದರೆ ಗಂಧಕ ತಗುಲಿದರೆ ಗಟ್ಟಿಯಾಗುವುದೇ ಇಲ್ಲ. ಹೀಗಾಗಿ ಅದಕ್ಕೆ ಗಂಧಕರಹಿತ ಜೇಡಿಯನ್ನೇ ಬಳಸಬೇಕು.

ಎರಕ

ಪಾಲಿಯುರಿಥೇನ್ ರೆಸಿನ್ ಎರಡು ದ್ರವಗಳ ರೂಪದಲ್ಲಿ ದೊರೆಯುತ್ತದೆ. ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಬೆರೆಸಿದ ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗತೊಡಗುತ್ತದೆ. ತೇವಾಂಶ ಇದರ ದೊಡ್ಡ ಶತ್ರು. ರೆಸಿನ್‌ನಲ್ಲಿರುವ ಐಸೊಸಯನೇಟ್ ನೀರಿನೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಹೊರಬಿಡುವುದರಿಂದ ಎರಕದಲ್ಲಿ ಗುಳ್ಳೆಗಳು ಏಳುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಡಬ್ಬಿಗಳನ್ನು ಭದ್ರವಾಗಿ ಮುಚ್ಚಿಡಬೇಕು. ಸುರಿಯುವಾಗ ಸೇರಿದ ಗಾಳಿಯ ಗುಳ್ಳೆಗಳನ್ನು ಅಡಗಿಸಲು ಅಚ್ಚನ್ನು ಒತ್ತಡದ ಪಾತ್ರೆಯಲ್ಲಿಡುವುದು ರೂಢಿ. ಐಸೊಸಯನೇಟ್ ಆವಿ ಉಸಿರಾಟಕ್ಕೆ ಹಾನಿಕರ; ಕೈಗವಸು, ಸೂಕ್ತ ಮುಖವಾಡ ಹಾಗೂ ಗಾಳಿಯ ಸಂಚಾರದ ವ್ಯವಸ್ಥೆಯಿಲ್ಲದೆ ಕೆಲಸಗಾರರನ್ನು ಇದಕ್ಕೆ ತೊಡಗಿಸಕೂಡದು.

ವೆಚ್ಚದ ಹೋಲಿಕೆ

ಸಿಲಿಕೋನ್ ಅಚ್ಚು ಕೆಲವು ಡಜನ್ ಎರಕಗಳ ನಂತರ ಹರಿಯುತ್ತದೆ. ಉದಾಹರಣೆಗೆ, 1,500 ರೂಪಾಯಿಯ ಅಚ್ಚಿನಿಂದ 30 ಸೆಟ್ ಬಂದರೆ ಸೆಟ್ಟಿಗೆ ಅಚ್ಚಿನ ವೆಚ್ಚ 50 ರೂಪಾಯಿ. ಉತ್ಪಾದನೆ ಎಷ್ಟು ಹೆಚ್ಚಿದರೂ ಈ ವೆಚ್ಚ ಇಳಿಯದು. ಡೈಗೆ 3 ಲಕ್ಷ ರೂಪಾಯಿ ತಗುಲುವುದೆಂದು ಭಾವಿಸಿದರೆ, 300 ಸೆಟ್‌ಗಳಿಗೆ ತಲಾ 1,000 ರೂಪಾಯಿ, 30,000 ಸೆಟ್‌ಗಳಿಗೆ ಕೇವಲ 10 ರೂಪಾಯಿ. ಈ ಲೆಕ್ಕದಲ್ಲಿ 6,000 ಸೆಟ್‌ಗಳಿಗೆ ಎರಡೂ ಸಮನಾಗುತ್ತವೆ. ಎರಕದಲ್ಲಿ ಕೂಲಿ ಹೆಚ್ಚಾಗಿರುವುದರಿಂದ ವಾಸ್ತವದಲ್ಲಿ ಇದಕ್ಕೂ ಮೊದಲೇ ಡೈ ಲಾಭದಾಯಕವಾದೀತು.

ಕಾನೂನಿನ ಅಂಶಗಳು

ಇತರರ ಬಿಡಿಭಾಗವನ್ನು ಕೊಂಡು ಅದರ ಮೇಲೆಯೇ ಸಿಲಿಕೋನ್ ಸುರಿದು ನಕಲು ತೆಗೆಯುವುದು ಸುಲಭ; ಆದರೆ ಅಪಾಯಕಾರಿ. 2000ದ ವಿನ್ಯಾಸ ಕಾಯಿದೆಯನ್ವಯ ನೋಂದಾಯಿತ ವಿನ್ಯಾಸಕ್ಕೆ 10 ವರ್ಷಗಳ ರಕ್ಷಣೆಯಿದ್ದು, ಅದನ್ನು ಇನ್ನೂ 5 ವರ್ಷ ವಿಸ್ತರಿಸಬಹುದು. ಕಾರು ಕಂಪನಿಯ ಲಾಂಛನವನ್ನು ಅನುಮತಿಯಿಲ್ಲದೆ ಬಳಸಿದರೆ ಟ್ರೇಡ್‌ಮಾರ್ಕ್ ವಿವಾದ ಉಂಟಾಗಬಹುದು. ಇದಲ್ಲದೆ, 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ತಯಾರಾದ ಆಟಿಕೆಗಳಿಗೆ 2021ರ ಜನವರಿ 1ರಿಂದ ಸಾಮಾನ್ಯವಾಗಿ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದಕಾರಣ ಸರಕು ಸಂಗ್ರಾಹಕರಿಗೋ ಮಕ್ಕಳಿಗೋ ಎಂಬುದನ್ನು ಆರಂಭದಲ್ಲೇ ನಿರ್ಧರಿಸಬೇಕು.

ಒಟ್ಟಿನಲ್ಲಿ, ರೆಸಿನ್ ಎರಕವನ್ನು ಡೈಗೆ ಬದಲಿಯೆಂದು ಭಾವಿಸುವುದಕ್ಕಿಂತ ಮಾರುಕಟ್ಟೆಯನ್ನು ಅಳೆಯುವ ಸಾಧನವೆಂದು ಪರಿಗಣಿಸುವುದು ಸೂಕ್ತ. ಮೊದಲ ಕೆಲವು ನೂರು ಸೆಟ್‌ಗಳು ಮಾರಾಟವಾದ ವೇಗವನ್ನು ನೋಡಿಕೊಂಡು ಡೈಗೆ ಹಣ ತೊಡಗಿಸುವುದು ವಿವೇಕದ ಮಾರ್ಗ.