ಒಂದು ಆರ್ಡರ್, ಹಲವು ಸಾಲು: ಗಣಕದಲ್ಲಿ ಜೋಡಣೆಗೊಂಡ ದಾಖಲೆಗಳ ತಿದ್ದುಪಡಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾಗಿರುವ ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಾಗಲಿ, ಲಿಂಗಸುಗೂರು ಹಾಗೂ ಮಸ್ಕಿಯ ಅಡತ್ ಅಂಗಡಿಗಳಲ್ಲಾಗಲಿ, ಕಿರ್ದಿ ಮತ್ತು ಖಾತೆ ಪುಸ್ತಕಗಳು ಇದ್ದ ಸ್ಥಳದಲ್ಲಿ ಇಂದು ಗಣಕಯಂತ್ರ ಕುಳಿತಿದೆ. ಹೆಚ್ಚಿನವರು ಸಿದ್ಧ ತಂತ್ರಾಂಶವನ್ನು ಬಳಸುತ್ತಾರೆ. ವ್ಯವಹಾರ ದೊಡ್ಡದಾದವರು ತಮ್ಮ ಅಗತ್ಯಕ್ಕೆ ತಕ್ಕಂತೆ ಪ್ರತ್ಯೇಕ ತಂತ್ರಾಂಶವನ್ನು ಬರೆಯಿಸಿಕೊಳ್ಳುವುದೂ ಉಂಟು. ಹೀಗೆ ಬರೆಯಿಸಿದ ತಂತ್ರಾಂಶವನ್ನು ಒಪ್ಪಿಕೊಳ್ಳುವಾಗ ಮಾಲೀಕರು ಸಾಮಾನ್ಯವಾಗಿ ಪರೀಕ್ಷಿಸುವುದು ಹೊಸ ನಮೂದು ಸರಿಯಾಗಿ ಸೇರುತ್ತದೆಯೇ ಎಂಬುದನ್ನು ಮಾತ್ರ. ಆದರೆ ಲೆಕ್ಕಪರಿಶೋಧನೆಯ ಸಮಯದಲ್ಲಿ ತೊಡಕು ಕಾಣಿಸಿಕೊಳ್ಳುವುದು ಹೊಸ ನಮೂದಿನಲ್ಲಲ್ಲ, ಹಳೆಯ ನಮೂದಿನ ತಿದ್ದುಪಡಿಯಲ್ಲಿ. ಈ ತೊಡಕು ಹೇಗೆ ಉಂಟಾಗುತ್ತದೆ ಮತ್ತು ಅದನ್ನು ತಡೆಯಲು ವರ್ತಕರು ಏನನ್ನು ಕೇಳಿ ತಿಳಿಯಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕಾಗದದಲ್ಲಿ ಒಂದು, ಗಣಕದಲ್ಲಿ ಹಲವು

ಕಾಗದದ ಮೇಲೆ ಆರ್ಡರ್ ಎಂಬುದು ಒಂದೇ ಹಾಳೆ. ಮೇಲ್ಭಾಗದಲ್ಲಿ ಪಾರ್ಟಿಯ ಹೆಸರು, ದಿನಾಂಕ, ಕೆಳಗೆ ಸರಕಿನ ಸಾಲುಗಳು, ಕೊನೆಯಲ್ಲಿ ಮೊತ್ತ. ಗಣಕದ ಡೇಟಾಬೇಸ್‌ನಲ್ಲಿ ಇದೇ ಹಾಳೆ ಹಲವು ಕೋಷ್ಟಕಗಳಲ್ಲಿ ಹಂಚಿಹೋಗಿರುತ್ತದೆ. ಆರ್ಡರಿನ ತಲೆಬರಹ ಒಂದು ಕೋಷ್ಟಕದಲ್ಲಿ, ಸಾಲುಗಳು ಇನ್ನೊಂದರಲ್ಲಿ, ಪ್ರತಿ ಸಾಲಿನ ಸರಕು ಯಾವ ಲಾಟಿನಿಂದ ಹೊರಟಿತೆಂಬ ವಿವರ ಮತ್ತೊಂದರಲ್ಲಿ, ಪಾರ್ಟಿಯ ವಿಳಾಸ ಮಗದೊಂದರಲ್ಲಿ ಇರುತ್ತದೆ. ಪ್ರತಿ ದಾಖಲೆಗೂ ಒಂದು ಗುರುತಿನ ಸಂಖ್ಯೆ ಇದ್ದು, ಅಧೀನ ದಾಖಲೆಯು ತನ್ನ ಮೂಲ ದಾಖಲೆಯ ಸಂಖ್ಯೆಯನ್ನು ಹೊತ್ತಿರುತ್ತದೆ. ಐಬಿಎಂ ಸಂಸ್ಥೆಯಲ್ಲಿದ್ದ ಇ.ಎಫ್. ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧವೇ ಈ ಸಂಬಂಧಾತ್ಮಕ ಪದ್ಧತಿಗೆ ತಳಹದಿ.

ಆದರೆ ತಂತ್ರಾಂಶ ಬರೆಯುವವರಿಗೆ ಆರ್ಡರನ್ನು ಒಂದೇ ವಸ್ತುವಾಗಿ, ಅದರ ಹೊಟ್ಟೆಯೊಳಗೆ ಸಾಲುಗಳು, ಸಾಲುಗಳ ಹೊಟ್ಟೆಯೊಳಗೆ ಲಾಟುಗಳು ಇರುವಂತೆ ಭಾವಿಸಿ ಕೆಲಸ ಮಾಡುವುದು ಅನುಕೂಲಕರ. ಈ ಎರಡು ನೋಟಗಳ ನಡುವೆ ದುಭಾಷಿಯಂತೆ ನಿಲ್ಲುವ ಸಾಧನಕ್ಕೆ ಆಬ್ಜೆಕ್ಟ್-ರಿಲೇಷನಲ್ ಮ್ಯಾಪರ್ ಎಂದು ಹೆಸರು. 2001ರಲ್ಲಿ ಆರಂಭವಾದ ಹೈಬರ್ನೇಟ್, 2004ರಲ್ಲಿ ಹೊರಬಂದ ರೂಬಿ ಆನ್ ರೇಲ್ಸ್ ಮತ್ತು 2005ರಲ್ಲಿ ಹೊರಬಂದ ಜಾಂಗೋ ಎಂಬ ತಂತ್ರಾಂಶ ಚೌಕಟ್ಟುಗಳೊಳಗಿನ ಮ್ಯಾಪರ್‌ಗಳು ಇವುಗಳ ಪೈಕಿ ಪ್ರಸಿದ್ಧವಾದವು. ಓದುವಾಗ ಈ ದುಭಾಷಿ ಬಹಳ ಉಪಕಾರಿ. ಆದರೆ ಒಳಗೊಳಗೆ ಜೋಡಣೆಗೊಂಡ ದಾಖಲೆಗಳನ್ನು ತಿದ್ದುವಾಗ, ಬರೆಯುವವನು ಸ್ಪಷ್ಟವಾಗಿ ಹೇಳದ ಹೊರತು ಮಾಲೀಕನ ಅಭಿಪ್ರಾಯ ಅದಕ್ಕೆ ತಿಳಿಯದು.

ಒಂದು ಉದಾಹರಣೆ

ಸಿಂಧನೂರಿನ ಒಂದು ಗಿರಣಿಗೆ ಬೆಂಗಳೂರಿನ ಪಾರ್ಟಿಯೊಂದರಿಂದ ಈ ಕೆಳಗಿನಂತೆ ಆರ್ಡರ್ ಬಂದಿದೆಯೆಂದು ಭಾವಿಸೋಣ. ಮೊದಲನೇ ಸಾಲು: ಸೋನಾ ಮಸೂರಿ 26 ಕೆ.ಜಿ. ಚೀಲ 200, ದರ 1,250 ರೂ., ಮೊತ್ತ 2,50,000 ರೂ. ಎರಡನೇ ಸಾಲು: ನುಚ್ಚು 40 ಚೀಲ, ದರ 1,100 ರೂ., ಮೊತ್ತ 44,000 ರೂ. ಮೂರನೇ ಸಾಲು: 10 ಕೆ.ಜಿ. ಚೀಲದ ಅಕ್ಕಿ 50, ದರ 520 ರೂ., ಮೊತ್ತ 26,000 ರೂ. ಒಟ್ಟು 3,20,000 ರೂ. ಮೊದಲನೇ ಸಾಲಿನ 200 ಚೀಲಗಳಲ್ಲಿ 120 ಒಂದು ಲಾಟಿನಿಂದ, 80 ಇನ್ನೊಂದು ಲಾಟಿನಿಂದ ಹೊರಡಬೇಕಾಗಿದೆ.

ಬಿಲ್ ಆಗುವ ಮುನ್ನವೇ ಪಾರ್ಟಿಯವರು ದೂರವಾಣಿಯಲ್ಲಿ ಬದಲಾವಣೆ ತಿಳಿಸುತ್ತಾರೆ. ಸೋನಾ ಮಸೂರಿ 180 ಚೀಲ ಸಾಕು, 10 ಕೆ.ಜಿ. ಚೀಲ ಬೇಡ, ಅದರ ಬದಲು ಆರ್.ಎನ್.ಆರ್. ಅಕ್ಕಿ 20 ಚೀಲ, 1,300 ರೂ. ದರದಲ್ಲಿ ಬೇಕು. ಅಂದರೆ ಒಂದು ಸಾಲು ಬದಲಾಗಿದೆ, ಒಂದು ಇದ್ದಂತೆಯೇ ಇದೆ, ಒಂದು ರದ್ದಾಗಿದೆ, ಒಂದು ಹೊಸದಾಗಿ ಸೇರಿದೆ. ಹೊಸ ಒಟ್ಟು 2,95,000 ರೂ. ಆಗಬೇಕು, ಎರಡನೇ ಲಾಟಿನ 80 ಚೀಲಗಳು 60 ಆಗಬೇಕು. ಗುಮಾಸ್ತನು ಪರದೆಯ ಮೇಲೆ ಇಷ್ಟನ್ನೂ ತಿದ್ದಿ ಒಂದೇ ಗುಂಡಿಯನ್ನು ಒತ್ತುತ್ತಾನೆ. ಆ ಒಂದು ಒತ್ತಿಗೆ ಡೇಟಾಬೇಸ್‌ನಲ್ಲಿ ಹಲವು ಕೋಷ್ಟಕಗಳು ಒಟ್ಟಿಗೆ ಬದಲಾಗಬೇಕು.

ತಪ್ಪು ಸಂಭವಿಸುವ ಬಗೆಗಳು

ಮೊದಲನೆಯದು, ಗುರುತಿನ ಸಂಖ್ಯೆಯ ಲೋಪ. ಪರದೆಯಿಂದ ಬಂದ ಸಾಲುಗಳೊಡನೆ ಅವುಗಳ ಸಂಖ್ಯೆ ಬಾರದಿದ್ದರೆ ಮ್ಯಾಪರ್ ಅವೆಲ್ಲವನ್ನೂ ಹೊಸ ಸಾಲುಗಳೆಂದೇ ತಿಳಿಯುತ್ತದೆ. ಹಳೆಯ ಮೂರು ಸಾಲುಗಳ ಕೆಳಗೆ ಹೊಸ ಮೂರು ಸೇರಿ ಆರ್ಡರ್ 6,15,000 ರೂ. ಆಗುತ್ತದೆ. ಇದು ಎದ್ದು ಕಾಣುವ ತಪ್ಪಾದುದರಿಂದ ಬೇಗ ಪತ್ತೆಯಾಗುತ್ತದೆ.

ಎರಡನೆಯದು, ಇಲ್ಲದ ಸಾಲಿನ ಅರ್ಥ. ತಿದ್ದಿದ ಪಟ್ಟಿಯಲ್ಲಿ 10 ಕೆ.ಜಿ. ಚೀಲದ ಸಾಲು ಇಲ್ಲ. ಅದನ್ನು ತೆಗೆದುಹಾಕಬೇಕೋ, ಅಥವಾ ಅದರ ಬಗ್ಗೆ ಏನೂ ಹೇಳಿಲ್ಲವೆಂದು ಇದ್ದಂತೆಯೇ ಬಿಡಬೇಕೋ? ರೇಲ್ಸ್ 2009ರ 2.3ನೇ ಆವೃತ್ತಿಯಲ್ಲಿ ಅಧೀನ ದಾಖಲೆಗಳ ತಿದ್ದುಪಡಿಗೆ ಒಂದು ಸೌಲಭ್ಯವನ್ನು ಒದಗಿಸಿತು. ಅದರಂತೆ ಸಂಖ್ಯೆ ಇರುವ ಸಾಲು ತಿದ್ದಲ್ಪಡುತ್ತದೆ, ಸಂಖ್ಯೆ ಇಲ್ಲದ್ದು ಹೊಸದಾಗಿ ಸೇರುತ್ತದೆ, ಅಳಿಸುವ ಗುರುತು ಹಾಕಿ ಕಳುಹಿಸಿದ ಸಾಲು ಮಾತ್ರ ಅಳಿಯುತ್ತದೆ. ಅಳಿಸಲು ಮುಂಚಿತವಾಗಿ ಅನುಮತಿಯನ್ನೂ ಕೊಟ್ಟಿರಬೇಕು. ಹೈಬರ್ನೇಟ್‌ನಲ್ಲಿ ತಬ್ಬಲಿಯಾದ ಸಾಲುಗಳನ್ನು ಅಳಿಸಬೇಕೆಂದು ಪ್ರತ್ಯೇಕವಾಗಿ ಸೂಚಿಸಬೇಕಾಗುತ್ತದೆ. ಜಾಂಗೋದಲ್ಲಿ ಮೂಲ ದಾಖಲೆಯನ್ನು ಉಳಿಸಿದರೆ ಅಧೀನ ದಾಖಲೆಗಳು ತಾವಾಗಿ ಉಳಿಯುವುದಿಲ್ಲ. ಅದಕ್ಕೆ ಬೇರೆ ಸಾಲುಗಳನ್ನೇ ಬರೆಯಬೇಕು. ಈ ಭೇದವನ್ನು ಗಮನಿಸದಿದ್ದಲ್ಲಿ ರದ್ದಾದ ಸಾಲು ಉಳಿದು ಆರ್ಡರ್ 3,21,000 ರೂ. ಆಗುತ್ತದೆ, ಹೊರಡದ 50 ಚೀಲಗಳು ದಾಸ್ತಾನಿನಲ್ಲಿ ಕಾಯ್ದಿರಿಸಿದಂತೆಯೇ ನಿಲ್ಲುತ್ತವೆ.

ಮೂರನೆಯದು, ಅತ್ಯಂತ ಅಪಾಯಕಾರಿಯಾದ ಅಡ್ಡದಾರಿ. ಇಷ್ಟೆಲ್ಲ ಹೋಲಿಕೆ ಮಾಡುವ ಬದಲು ಹಳೆಯ ಸಾಲುಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆದುಬಿಡುವುದು. ಮೊತ್ತ 2,95,000 ರೂ. ಎಂದು ಸರಿಯಾಗಿಯೇ ಬರುತ್ತದೆ. ಆದಕಾರಣ ಯಾರಿಗೂ ಸಂದೇಹ ಬರುವುದಿಲ್ಲ. ಆದರೆ ಹಳೆಯ ಸಾಲಿನ ಸಂಖ್ಯೆಗೆ ಕಟ್ಟಿಕೊಂಡಿದ್ದ ಲಾಟಿನ ವಿವರ ಹಾಗೂ ತೂಕದ ಚೀಟಿಗಳು ಒಂದೋ ಜೊತೆಯಲ್ಲಿ ಅಳಿದುಹೋಗುತ್ತವೆ, ಇಲ್ಲವೇ ತಬ್ಬಲಿಯಾಗುತ್ತವೆ. ಬದಲಾವಣೆಯೇ ಆಗದಿದ್ದ ನುಚ್ಚಿನ ಸಾಲು ಕೂಡ ಹೊಸದಾಗಿ ಹುಟ್ಟಿದಂತೆ ದಾಖಲಾಗುತ್ತದೆ.

ನಾಲ್ಕನೆಯದು, ಅರ್ಧದಲ್ಲಿ ನಿಲ್ಲುವುದು. ತಲೆಬರಹದಲ್ಲಿ 2,95,000 ಎಂದು ಬರೆದ ಕ್ಷಣದಲ್ಲೇ ವಿದ್ಯುತ್ ಹೋದರೆ ಸಾಲುಗಳ ಮೊತ್ತ 3,20,000 ಆಗಿಯೇ ಉಳಿಯುತ್ತದೆ. ಇದನ್ನು ತಡೆಯಲು ಡೇಟಾಬೇಸ್‌ನಲ್ಲಿ ಟ್ರಾನ್ಸಾಕ್ಷನ್ ಎಂಬ ವ್ಯವಸ್ಥೆ ಇದೆ. ಅದರೊಳಗಿನ ಎಲ್ಲ ಬದಲಾವಣೆಗಳೂ ಒಟ್ಟಿಗೆ ಆಗುತ್ತವೆ, ಇಲ್ಲವೇ ಒಂದೂ ಆಗುವುದಿಲ್ಲ. ಜಮಾ ಬರೆದು ಖರ್ಚು ಬರೆಯದೆ ಪುಸ್ತಕ ಮುಚ್ಚಬಾರದೆಂಬ ಜೋಡಿ ನಮೂದಿನ ನಿಯಮವೇ ಇಲ್ಲಿಯೂ ಅನ್ವಯವಾಗುತ್ತದೆ.

ಮಸ್ಕಿ ತಾಲ್ಲೂಕು ಕಲಿಸುವ ಪಾಠ

ಮೇಲಿನವು ಮೂಲ ದಾಖಲೆಯಿಂದ ಅಧೀನ ದಾಖಲೆಯ ಕಡೆಗೆ ಸಾಗುವ ತಿದ್ದುಪಡಿಗಳು. ಅಧೀನ ದಾಖಲೆಯೇ ತನ್ನ ಮೂಲವನ್ನು ಬದಲಿಸುವ ಸಂದರ್ಭಕ್ಕೆ ಈ ಭಾಗದಲ್ಲಿ ಎಲ್ಲರೂ ಬಲ್ಲ ನಿದರ್ಶನವಿದೆ. 2011ರ ಜನಗಣತಿಯ ವೇಳೆಗೆ ಮಸ್ಕಿ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಊರಾಗಿತ್ತು. 2017-18ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳ ಪೈಕಿ ಮಸ್ಕಿಯೂ ಒಂದು. ಲಿಂಗಸುಗೂರು, ಸಿಂಧನೂರು ಮುಂತಾದ ತಾಲ್ಲೂಕುಗಳ ಗ್ರಾಮಗಳು ಅದಕ್ಕೆ ಸೇರಿದವು.

ಪಾರ್ಟಿಗಳ ಪಟ್ಟಿಯಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮ ಎಂಬ ಮೂರು ಹಂತಗಳಿದ್ದರೆ, ಇಲ್ಲಿ ಮಾಡಬೇಕಾದುದು ಮಸ್ಕಿ ಎಂಬ ಹೊಸ ತಾಲ್ಲೂಕು ದಾಖಲೆಯನ್ನು ಸೃಷ್ಟಿಸಿ, ಸಂಬಂಧಿಸಿದ ಗ್ರಾಮಗಳ ಕೊಂಡಿಯನ್ನು ಅದರತ್ತ ತಿರುಗಿಸುವುದು. ಆದರೆ ಗ್ರಾಹಕರ ಪರದೆಯಲ್ಲೇ ತಾಲ್ಲೂಕಿನ ಹೆಸರನ್ನು ತಿದ್ದಲು ಅವಕಾಶವಿರುವ ತಂತ್ರಾಂಶದಲ್ಲಿ ಗುಮಾಸ್ತನು ಒಬ್ಬ ಪಾರ್ಟಿಯ ವಿಳಾಸದಲ್ಲಿ ‘ಲಿಂಗಸುಗೂರು’ ಎಂಬುದನ್ನು ಅಳಿಸಿ ‘ಮಸ್ಕಿ’ ಎಂದು ಬರೆದರೆ, ಬದಲಾಗುವುದು ಆ ಪಾರ್ಟಿಯ ಕೊಂಡಿಯಲ್ಲ, ಎಲ್ಲರಿಗೂ ಸಮಾನವಾದ ತಾಲ್ಲೂಕಿನ ದಾಖಲೆ. ಮರುಕ್ಷಣದಲ್ಲಿ ಲಿಂಗಸುಗೂರಿನ ಪಾರ್ಟಿಗಳೆಲ್ಲರೂ ಮಸ್ಕಿಯವರಾಗಿಬಿಡುತ್ತಾರೆ!

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು. ಅಲ್ಲಿ ಊರು ಅದೇ, ಹೆಸರು ಮಾತ್ರ ಬೇರೆ. ಆದ್ದರಿಂದ ಮೂಲ ದಾಖಲೆಯ ಹೆಸರನ್ನೇ ತಿದ್ದುವುದು ಯುಕ್ತ. ಹೆಸರು ಬದಲಾಗುವುದು ಬೇರೆ, ಸಂಬಂಧ ಬದಲಾಗುವುದು ಬೇರೆ. ಈ ಎರಡಕ್ಕೂ ತಂತ್ರಾಂಶದಲ್ಲಿ ಎರಡು ಪ್ರತ್ಯೇಕ ದಾರಿಗಳು ಇರತಕ್ಕದ್ದು.

ಇನ್ನೊಂದು ಗಮನಾರ್ಹ ಅಂಶವೆಂದರೆ ಹಳೆಯ ಬಿಲ್ಲುಗಳದ್ದು. ಹೊಸ ತಾಲ್ಲೂಕು ರಚನೆಯಾಗುವ ಮುನ್ನ ಕೊಟ್ಟ ಬಿಲ್ಲನ್ನು ಇಂದು ಮರುಮುದ್ರಿಸಿದರೆ ಅಂದಿನ ವಿಳಾಸವೇ ಬರಬೇಕು. ಆದ್ದರಿಂದ ಬಿಲ್ ಹೊರಡುವಾಗಲೇ ವಿಳಾಸ, ದರ, ತೆರಿಗೆಗಳ ಪ್ರತಿಯನ್ನು ಬಿಲ್ಲಿನೊಳಗೆ ಉಳಿಸಿಡುವುದು ಅವಶ್ಯ. ಜಿಎಸ್‌ಟಿ ಕಾಯಿದೆಯ 36ನೇ ಕಲಮಿನ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿರಿಸಬೇಕೆಂಬುದನ್ನು ಇಲ್ಲಿ ನೆನೆಯಬಹುದು.

ಕಾನೂನಿನ ದೃಷ್ಟಿ

ಜಿಎಸ್‌ಟಿ ನಿಯಮಗಳ 56(8)ನೇ ನಿಯಮದ ಪ್ರಕಾರ ಲೆಕ್ಕದ ಯಾವುದೇ ನಮೂದನ್ನು ಅಳಿಸುವಂತಿಲ್ಲ, ಅದರ ಮೇಲೆಯೇ ಮತ್ತೊಂದನ್ನು ಬರೆಯುವಂತಿಲ್ಲ. ಲೆಕ್ಕವು ಗಣಕದಲ್ಲಿದ್ದಲ್ಲಿ ತಿದ್ದಿದ ಅಥವಾ ಅಳಿಸಿದ ಪ್ರತಿ ನಮೂದಿನ ದಾಖಲೆಯನ್ನು ಇಡತಕ್ಕದ್ದು. ಇದು ಕಂಪನಿಗಳಿಗೆ ಮಾತ್ರವಲ್ಲ, ನೋಂದಾಯಿತ ಪಾಲುದಾರಿಕೆ ಸಂಸ್ಥೆಗಳಿಗೂ ಒಬ್ಬರೇ ಮಾಲೀಕರ ಅಂಗಡಿಗಳಿಗೂ ಅನ್ವಯಿಸುತ್ತದೆ. ಕಂಪನಿಗಳಾದರೆ, 2014ರ ಕಂಪನಿಗಳ ಲೆಕ್ಕಪತ್ರ ನಿಯಮಗಳಡಿ 2023ರ ಏಪ್ರಿಲ್ 1ರಿಂದ ಆರಂಭವಾದ ಹಣಕಾಸು ವರ್ಷಗಳಿಗೆ, ತಿದ್ದುಪಡಿಯ ಜಾಡು ಉಳಿಸುವ ಮತ್ತು ಆ ಸೌಲಭ್ಯವನ್ನು ನಿಲ್ಲಿಸಲು ಬಾರದ ತಂತ್ರಾಂಶವನ್ನೇ ಬಳಸಬೇಕು.

ಮೇಲೆ ಹೇಳಿದ ಮೂರನೇ ಅಡ್ಡದಾರಿಯ ದೋಷ ಇಲ್ಲಿ ಪೂರ್ಣವಾಗಿ ಬಯಲಾಗುತ್ತದೆ. 200 ಚೀಲ ಯಾವಾಗ 180 ಆಯಿತು, ಯಾರು ಮಾಡಿದರು ಎಂಬ ಪ್ರಶ್ನೆಗೆ ‘ಮೂರು ಸಾಲು ಅಳಿಸಲಾಯಿತು, ಮೂರು ಸಾಲು ಸೇರಿಸಲಾಯಿತು’ ಎಂಬುದು ಉತ್ತರವಾಗಲಾರದು. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಜಾಂಗೋ ಮತ್ತು ರೇಲ್ಸ್‌ಗಳಲ್ಲಿ ಅನೇಕ ದಾಖಲೆಗಳನ್ನು ಒಂದೇ ಆಜ್ಞೆಯಿಂದ ಸಗಟಾಗಿ ತಿದ್ದಿದಾಗ, ಪ್ರತಿ ದಾಖಲೆ ಉಳಿಸುವಾಗ ನಡೆಯಬೇಕಾದ ಇತರ ಕ್ರಿಯೆಗಳು ನಡೆಯುವುದಿಲ್ಲ. ತಿದ್ದುಪಡಿಯ ಜಾಡನ್ನು ಆ ಕ್ರಿಯೆಗಳಿಗೆ ವಹಿಸಿದ್ದರೆ ಸಗಟು ತಿದ್ದುಪಡಿಯ ಸುಳಿವೇ ಉಳಿಯದು.

ಬಿಲ್ ಹೊರಟ ನಂತರವಂತೂ ಹಾದಿಯೇ ಬೇರೆ. ತೆರಿಗೆ ಇನ್ವಾಯ್ಸಿನ ಮೊತ್ತ ಕಡಿಮೆಯಾಗಬೇಕಾದರೆ ಕ್ರೆಡಿಟ್ ನೋಟ್, ಹೆಚ್ಚಾಗಬೇಕಾದರೆ ಡೆಬಿಟ್ ನೋಟ್ ಎಂಬುದು 34ನೇ ಕಲಮಿನ ವಿಧಾನ. ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರಿದವರಿಗೆ 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿರುವ ಇ-ಇನ್ವಾಯ್ಸನ್ನು ನೋಂದಣಿ ಪೋರ್ಟಲ್‌ನಲ್ಲಿ ತಿದ್ದಲು ಬರುವುದಿಲ್ಲ. 24 ಗಂಟೆಯೊಳಗೆ ಇಡಿಯಾಗಿ ರದ್ದುಪಡಿಸಬಹುದು, ಅದರ ಒಂದು ಸಾಲನ್ನಷ್ಟೇ ರದ್ದುಪಡಿಸಲಾಗದು. ಅಕ್ಕಿ ವ್ಯಾಪಾರದಲ್ಲಿ ಒಂದು ಸಾಲಿನ ತಿದ್ದುಪಡಿ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಚೀಲದ ತೂಕವೇ ಸಾಕ್ಷಿ. 2022ರ ಜುಲೈ 18ರಿಂದ ಮುಂಚಿತವಾಗಿ ಚೀಲ ಕಟ್ಟಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಅಕ್ಕಿಗೆ ತೆರಿಗೆ ಇದೆ, 26 ಕೆ.ಜಿ. ಚೀಲಕ್ಕೆ ಇಲ್ಲ. ಒಂದು ಅಂಕಿ ಬದಲಾದರೆ ತೆರಿಗೆಯ ಕೋಷ್ಟಕವೂ ಬದಲಾಗಬೇಕು.

ಒಪ್ಪಿಕೊಳ್ಳುವ ಮುನ್ನ ಪರೀಕ್ಷೆ

ತಂತ್ರಾಂಶ ಬರೆಯುವ ವಿದ್ಯೆ ವರ್ತಕರಿಗೆ ತಿಳಿದಿರಬೇಕಾಗಿಲ್ಲ. ಕೊನೆಯ ಕಂತಿನ ಹಣ ಪಾವತಿಸುವ ಮುನ್ನ ಈ ಕೆಳಗಿನ ಪರೀಕ್ಷೆಗಳನ್ನು ತಮ್ಮೆದುರಿಗೇ ಮಾಡಿಸಿದರೆ ಸಾಕು.

1. ಮೂರು ಸಾಲಿನ ಆರ್ಡರಿನಲ್ಲಿ ಒಂದನ್ನು ತಿದ್ದಿ, ಒಂದನ್ನು ರದ್ದುಪಡಿಸಿ, ಒಂದನ್ನು ಸೇರಿಸಿ. ಮೊತ್ತವನ್ನಷ್ಟೇ ನೋಡದೆ ದಾಸ್ತಾನು ಮತ್ತು ಲಾಟಿನ ಲೆಕ್ಕವನ್ನೂ ತಾಳೆ ನೋಡಿ. ಮೇಲಿನ ಉದಾಹರಣೆಯಲ್ಲಿ ರದ್ದಾದ ಸಾಲು ಮತ್ತು ಹೊಸ ಸಾಲು ಎರಡೂ 26,000 ರೂ. ಆಗಿರುವುದರಿಂದ ಮೊತ್ತ ಮಾತ್ರ ನೋಡುವವರು ಮೋಸಹೋಗುತ್ತಾರೆ.

2. ತಿದ್ದುಪಡಿಯ ಜಾಡನ್ನು ತೆರೆದು, ಹಳೆಯ ಅಂಕಿ, ಹೊಸ ಅಂಕಿ, ಬಳಕೆದಾರನ ಹೆಸರು ಮತ್ತು ಸಮಯ ಇವೆಯೇ ನೋಡಿ. ತಿದ್ದದ ಸಾಲಿನ ಹೆಸರು ಅಲ್ಲಿ ಬರಬಾರದು.

3. ಒಂದೇ ಆರ್ಡರನ್ನು ಎರಡು ಗಣಕಗಳಲ್ಲಿ ತೆರೆದು ಇಬ್ಬರು ಬೇರೆಬೇರೆ ತಿದ್ದುಪಡಿ ಮಾಡಲಿ. ಎರಡನೆಯವರಿಗೆ ಎಚ್ಚರಿಕೆ ಬರಬೇಕು. ಮೊದಲಿನವರ ಕೆಲಸ ಸದ್ದಿಲ್ಲದೆ ಅಳಿಯಬಾರದು.

4. ಉಳಿಸುವ ಹೊತ್ತಿನಲ್ಲಿ ಜಾಲದ ಸಂಪರ್ಕವನ್ನು ಕಡಿದು ನೋಡಿ. ತಲೆಬರಹ ಒಂದು, ಸಾಲುಗಳು ಇನ್ನೊಂದು ಹೇಳಬಾರದು.

5. ಬಳಕೆಯಲ್ಲಿರುವ ತಾಲ್ಲೂಕು ಅಥವಾ ಸರಕಿನ ದಾಖಲೆಯನ್ನು ಅಳಿಸಲು ಪ್ರಯತ್ನಿಸಿ. ತಂತ್ರಾಂಶ ನಿರಾಕರಿಸಬೇಕು. ಅದರ ಕೆಳಗಿನ ಪಾರ್ಟಿಗಳನ್ನೂ ಬಿಲ್ಲುಗಳನ್ನೂ ಸೇರಿಸಿ ಅಳಿಸುವ ತಂತ್ರಾಂಶ ಅಂಗಡಿಗೆ ಯೋಗ್ಯವಲ್ಲ.

ಈ ಐದಕ್ಕೂ ಅರ್ಧ ದಿನ ಸಾಕು. ಇವುಗಳನ್ನು ಕರಾರು ಪತ್ರದಲ್ಲಿಯೇ ಷರತ್ತುಗಳಾಗಿ ಬರೆಯಿಸಿಕೊಂಡರೆ ಇನ್ನೂ ಲೇಸು. ಹಿಂದಿನ ಗುಮಾಸ್ತರು ತಪ್ಪು ನಮೂದಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ ಹಾಕುತ್ತಿದ್ದರು. ತಪ್ಪು, ಸರಿ, ತಿದ್ದಿದವರು ಎಂಬ ಮೂರೂ ಒಂದೇ ಪುಟದಲ್ಲಿ ಕಾಣುತ್ತಿದ್ದವು. ಗಣಕದಿಂದಲೂ ವರ್ತಕರು ಕೇಳಬೇಕಾದುದು ಅಷ್ಟನ್ನೇ.