ಟಾರ್ನೆಡೊ ಬೆನ್ನಟ್ಟುವವರು ಅಷ್ಟು ಹತ್ತಿರ ಹೋಗುವುದೇಕೆ?

ಮಾರ್ಚ್-ಏಪ್ರಿಲ್ ತಿಂಗಳ ಮಧ್ಯಾಹ್ನ ಕಡೂರು, ತರೀಕೆರೆ, ಅಜ್ಜಂಪುರದ ಉತ್ತ ಹೊಲಗಳಲ್ಲೂ ಅಮೃತಮಹಲ್ ಕಾವಲುಗಳಲ್ಲೂ ಧೂಳಿನ ಕಂಬವೊಂದು ಗಿರ್ರನೆ ತಿರುಗುತ್ತ ಸಾಗುವುದನ್ನು ನೀವು ನೋಡಿರಬಹುದು. ಅದರೊಳಕ್ಕೆ ನುಗ್ಗಲು ಓಡುವ ಹುಡುಗರನ್ನೂ ನೋಡಿರಬಹುದು. ನಾವು ಇದನ್ನು ಸುಂಟರಗಾಳಿ ಎನ್ನುತ್ತೇವೆ. ಅಮೆರಿಕದಲ್ಲಿ ಊರುಗಳನ್ನೇ ಕೆಡವುವ ಟಾರ್ನೆಡೊವನ್ನೂ ಅದೇ ಹೆಸರಿನಿಂದ ಕರೆಯುತ್ತೇವೆ. ಹೆಸರು ಒಂದೇ ಆದರೂ ಹುಟ್ಟು ಬೇರೆ.

ಧೂಳುಸುಳಿ ನೆಲದಿಂದ ಮೇಲೇಳುತ್ತದೆ. ಕಾದ ನೆಲಕ್ಕೆ ತಾಗಿದ ಗಾಳಿ ಹಗುರವಾಗಿ ಏರುವಾಗ ಸುತ್ತಲಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಚಾಚಿದ ಕೈಗಳನ್ನು ಮಡಚಿಕೊಂಡ ನರ್ತಕಿಯಂತೆ ಅದರ ತಿರುಗುವ ವೇಗ ಹೆಚ್ಚುತ್ತದೆ. ಇದಕ್ಕೆ ಮೋಡವೇ ಬೇಕಿಲ್ಲ. ಟಾರ್ನೆಡೊ ಹಾಗಲ್ಲ, ಅದು ಗುಡುಗು ಮೋಡಕ್ಕೆ ಅಂಟಿಕೊಂಡ ಸುಳಿ. ಪ್ರಬಲ ಟಾರ್ನೆಡೊ ಹುಟ್ಟಬೇಕಾದರೆ ಎತ್ತರಕ್ಕೆ ಹೋದಂತೆ ಗಾಳಿಯ ವೇಗ, ದಿಕ್ಕು ಬಹಳ ಬದಲಾಗುತ್ತಿರಬೇಕು. ನಮ್ಮ ಬೇಸಿಗೆಯ ಮೋಡಗಳಿಗೆ ಶಾಖವೂ ತೇವವೂ ಸಿಗುತ್ತವೆ, ಆ ಬದಲಾವಣೆ ಸಾಮಾನ್ಯವಾಗಿ ಸಿಗುವುದಿಲ್ಲ.

ಇಂಥ ಟಾರ್ನೆಡೊವನ್ನು ಕಾರಿನಲ್ಲಿ ಬೆನ್ನಟ್ಟುವವರು ಹುಚ್ಚರೇ? ಕೆಲವರಿಗೆ ವಿಡಿಯೊ ಮಾರುವ ಆಸೆ, ಕೆಲವರಿಗೆ ಬರೀ ನೋಡುವ ಹಂಬಲ. ಆದರೆ ಒಂದು ನಿಜವಾದ ಕಾರಣವೂ ಇದೆ. ರೇಡಾರ್ ಕಿರಣ ಸ್ವಲ್ಪ ಮೇಲ್ಮುಖವಾಗಿ ಹೊರಡುತ್ತದೆ, ಭೂಮಿಯೋ ಗುಂಡಗಿದೆ. ಹೀಗಾಗಿ 100 ಕಿ.ಮೀ. ದೂರದಲ್ಲಿ ಕಿರಣ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಮೇಲಿರುತ್ತದೆ. ಮನೆಯ ಚಾವಣಿ ಹಾರಿಸುವ ಗಾಳಿ ಇರುವುದು ನೆಲದಿಂದ ಹತ್ತೇ ಮೀಟರಿನೊಳಗೆ. ಅದನ್ನು ಅಳೆಯಲು ಯಾರಾದರೂ ಅಲ್ಲಿಗೇ ಹೋಗಬೇಕು.

ಅಮೆರಿಕದ ಎಂಜಿನಿಯರ್ ಟಿಮ್ ಸಮಾರಾಸ್ ಹಾಗೆ ಹೋದವರು. ಆಮೆಯಂತೆ ನೆಲಕ್ಕಂಟಿ ಕೂರುವ ಉಪಕರಣವೊಂದನ್ನು ಅವರು 2003ರ ಜೂನ್ 24ರಂದು ಸೌತ್ ಡಕೋಟಾದ ಮ್ಯಾಂಚೆಸ್ಟರ್ ಬಳಿ ಟಾರ್ನೆಡೊದ ದಾರಿಯಲ್ಲಿಟ್ಟು ಪಾರಾದರು. ಸುಳಿ ಅದರ ಮೇಲೆ ಹಾದಾಗ ಗಾಳಿಯ ಒತ್ತಡ 100 ಮಿಲಿಬಾರ್ ಕುಸಿದದ್ದು ದಾಖಲಾಯಿತು. ಕಡೂರಿನ ಬಯಲಿನಿಂದ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಗೆ ಏರಿದರೆ ಆಗುವ ಇಳಿಕೆಗೆ ಇದು ಹತ್ತಿರ. ಅಲ್ಲಿ ಅದು ಕೆಲವೇ ಕ್ಷಣಗಳಲ್ಲಿ ಆಗಿಹೋಯಿತು.

ಸಮಾರಾಸ್ ಎಚ್ಚರಿಕೆಯ ಮನುಷ್ಯ ಎಂದೇ ಹೆಸರಾಗಿದ್ದರು. 2013ರ ಮೇ 31ರಂದು ಓಕ್ಲಹೋಮಾದ ಎಲ್ ರೆನೊ ಬಳಿ ಟಾರ್ನೆಡೊ ಏಕಾಏಕಿ ಹಿಗ್ಗಿ 4.2 ಕಿ.ಮೀ. ಅಗಲವಾಯಿತು, ದಿಕ್ಕನ್ನೂ ಬದಲಿಸಿತು. ಮಳೆಯ ತೆರೆ ಅದನ್ನು ಮರೆಮಾಡಿತ್ತು. ಸಮಾರಾಸ್, ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ಮೂವರೂ ಸತ್ತರು. ಪ್ರತಿ ಬಾರಿ ಕ್ಷೇಮವಾಗಿ ಮರಳಿದಾಗಲೂ ‘ಇಷ್ಟು ಹತ್ತಿರ ಸುರಕ್ಷಿತ’ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಆದರೆ ಹಿಂದಿನ ಹತ್ತು ಸುಳಿಗಳು ಹನ್ನೊಂದನೆಯದರ ಬಗ್ಗೆ ಏನನ್ನೂ ಖಾತ್ರಿಪಡಿಸುವುದಿಲ್ಲ. ನನ್ನ ಮಟ್ಟಿಗೆ ಸಾಹಸದ ಹಂಬಲಕ್ಕಿಂತ ಈ ತಪ್ಪು ಲೆಕ್ಕವೇ ಹೆಚ್ಚು ಅಪಾಯಕಾರಿ.

ಇದೇ ಲೆಕ್ಕ ನಮ್ಮ ಕಾವಲಿನಲ್ಲೂ ನಡೆಯುತ್ತದೆ, ಸುಳಿಯ ಬದಲು ಸಿಡಿಲಿನೊಂದಿಗೆ. ‘ಪ್ರತಿ ವರ್ಷ ಈ ಮರದಡಿಯೇ ನಿಲ್ಲುತ್ತೇವೆ, ಏನೂ ಆಗಿಲ್ಲ’ ಎಂಬ ಮಾತನ್ನು ನೀವೂ ಕೇಳಿದ್ದೀರಿ. ಭಾರತದಲ್ಲಿ ಸಿಡಿಲಿಗೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ. ಬಯಲಿನಲ್ಲಿ ನಿಂತವನೇ ಅಲ್ಲಿನ ಎತ್ತರದ ವಸ್ತು. ಒಂಟಿ ಮರವಾದರೆ ಇನ್ನೂ ಎತ್ತರ. ಮಿಂಚಿನಿಂದ ಗುಡುಗಿನವರೆಗೆ ಎಣಿಸಿದ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ದೂರ ಕಿ.ಮೀ.ಗಳಲ್ಲಿ ಸಿಗುತ್ತದೆ ನಿಜ, ಆದರೆ ಗುಡುಗು ಕೇಳಿಸಿತೆಂದರೆ ಮುಂದಿನ ಸಿಡಿಲು ನಿಮ್ಮಲ್ಲಿಗೇ ಎರಗಬಹುದು. ಕೊನೆಯ ಗುಡುಗಿನ ನಂತರ 30 ನಿಮಿಷ ಗಟ್ಟಿ ಕಟ್ಟಡದೊಳಗೇ ಇರಬೇಕು.

ಶಿಕ್ಷಕರು ಆ ಹೊತ್ತನ್ನು ಬಳಸಿಕೊಳ್ಳಬಹುದು. ಕಡೂರು, ತರೀಕೆರೆ, ಅಜ್ಜಂಪುರದ ಮೂರು ಶಾಲೆಗಳವರು ತಮ್ಮ ಕೊಠಡಿಯಲ್ಲೇ ಕುಳಿತು ಮೊದಲ ಗುಡುಗು ಕೇಳಿದ ಸಮಯವನ್ನು ಬರೆದಿಟ್ಟು, ಮರುದಿನ ಫೋನಿನಲ್ಲಿ ಹೋಲಿಸಿ ನಕ್ಷೆಯ ಮೇಲೆ ಗುರುತಿಸಲಿ. ಮೋಡ ಯಾವ ಕಡೆಯಿಂದ, ಗಂಟೆಗೆ ಸುಮಾರು ಎಷ್ಟು ಕಿ.ಮೀ. ವೇಗದಲ್ಲಿ ಬಂತೆಂಬುದು ತಿಳಿಯುತ್ತದೆ.